ದಾರಿಯ ಬಾಕಿ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಇದ್ದವರಿಗೆ ನೆನಪಿರತ್ತೆ. ಹೊರ ವರ್ತುಲ ರಸ್ತೆ ಕೆರೆಯಾಗಿತ್ತು. ಯಮಲೂರು ಕಡೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ನಮ್ಮ ಟೀಮಿನ ಗ್ರೂಪಿನಲ್ಲಿ ಮೊದಲು ಜೋಕು, ಅದರ ಬೆನ್ನಿಗೇ ಸಿಟ್ಟು: ರಾಜಕಾಲುವೆ ನುಂಗಿದವರು ಯಾರು? ಅವರ ಮೇಲೆ ಕ್ರಮ ಯಾವಾಗ? ನಾನೂ ನಾಲ್ಕು ಸಾಲು ಜೋರಾಗಿಯೇ ಬರೆದೆ.

ಅದೇ ಸಂಜೆ ಶಿರಹಟ್ಟಿ ತಾಲೂಕಿನ ನಮ್ಮೂರಿಂದ ಕಾಕಾನ ಫೋನು. “ತಮ್ಮಾ, ಹಳ್ಳದ ಕಡೀ ದಾರಿ ಮಳಿಗೆ ಕಿತ್ಗೊಂಡ್ ಹೋಗೇತಿ. ಪಟ್ಟಿ ಹಾಕೇವಿ. ನಿಂದೆಷ್ಟು ಬರೀಲಿ?”

ಪಟ್ಟಿ ಅಂದರೆ ನಮ್ಮ ಕಡೆ ಊರೊಟ್ಟಿನ ವಂತಿಗೆ. ಜಾತ್ರೆಗೆ, ಗುಡಿಗೆ ಪಟ್ಟಿ ಹಾಕೋದು ರೂಢಿ. ದಾರಿಗೆ ಪಟ್ಟಿ ಅಂದದ್ದು ನಾನು ಕೇಳಿದ್ದು ಅದೇ ಮೊದಲು.

ಆ ದಾರಿ ನನಗೆ ಅಂಗೈಯಷ್ಟು ಗೊತ್ತು. ಊರಿಂದ ಹೊಲಗಳಿಗೆ ಹೋಗುವ ಬಂಡಿದಾರಿ ಅದು. ಮೊದಲು ಎರೆ, ಆಮೇಲೆ ಮಸಾರಿ, ಮೂಡಲಿಗೆ ಕಪ್ಪತಗುಡ್ಡದ ಸಾಲು. ನಸುಕಿನಲ್ಲಿ ಬುತ್ತಿ ಗಂಟು ಹೊತ್ತ ಕೂಲಿ ಹೆಣ್ಣುಮಕ್ಕಳು, ಸಂಜೆ ದನ, ನಡುವೆ ಸೈಕಲ್ಲು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ಹೊಲದ ಮನೆಗಳ ಹುಡುಗಿಯರೂ ಈ ದಾರಿಯಲ್ಲೇ ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಬಂದರು. ಡಾಂಬರು ಕಾಣದ ಈ ದಾರಿಯನ್ನು ಯಾರೂ ರಸ್ತೆ ಅನ್ನೋದಿಲ್ಲ. ಆದರೆ ಇದು ಕಡಿದರೆ ಊರು ಕುಂಟತ್ತೆ.

“ಪಂಚಾಯ್ತಿಯವರು ಮಾಡಬೇಕಲ್ಲ ಕಾಕಾ? ನಾವ್ಯಾಕ ರೊಕ್ಕ ಹಾಕೋದು?” ಅಂದೆ. ತಪ್ಪು ಪ್ರಶ್ನೆಯೇನಲ್ಲ. ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿ ಮಾಡೋಕೆ ಅವಕಾಶ ಇತ್ತು. ಜನರೇ ದುಡ್ಡು ಕೂಡಿಸಿ ಮಾಡ್ತಾ ಹೋದರೆ ಮಾಡಬೇಕಾದವರು ಕೈ ತೊಳೆದುಕೊಳ್ತಾರೆ ಅನ್ನೋ ಮಾತಿನಲ್ಲಿ ಸತ್ಯ ಇದೆ. ಕಾಕಾ ಅಂದ: “ಅರ್ಜಿ ಕೊಟ್ಟೇವಪಾ. ಅದು ಪಾಸಾಗೂತನಕಾ ಹೆಸರುಕಾಯಿ ಗಿಡದಾಗ ನಿಲ್ತಾವೇನು?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಕ್ಕು ಕೇಳೋದು, ಕೈ ಹಚ್ಚೋದು ಎರಡೂ ಒಟ್ಟಿಗೇ ನಡೀಬೇಕಾಗತ್ತೆ. ಹೆಸರು ಒಣಗುವಾಗ ಇದು ಬೇಗ ಅರ್ಥವಾಗತ್ತೆ. 5,000 ರೂಪಾಯಿ ಬರಸಿದೆ. ಫೋನಿನಲ್ಲಿ ಕಳಿಸೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮನಸ್ಸು ಹಗುರಾಯ್ತು.

ತಿಂಗಳು ಬಿಟ್ಟು ಮಾನವಮಿಗೆ ಊರಿಗೆ ಹೋದಾಗ ದಾರಿ ನೋಡೋಕೆ ಹೋದೆ. ಪಟ್ಟಿಯ ದುಡ್ಡಲ್ಲಿ ಟ್ರ್ಯಾಕ್ಟರ್‌ಗಟ್ಟಲೆ ಗರಸು ತಂದು ಹಾಕಿದ್ದರು. ಅದರ ಅರ್ಧ ಮತ್ತೊಂದು ಮಳೆಗೆ ಹಳ್ಳ ಸೇರಿತ್ತು. ಎರಡನೇ ಪಟ್ಟಿಯ ಮಾತು ಆಗಲೇ ನಡೆದಿತ್ತು. ಗರಸು ಹರವೋಕೆ ಎರಡು ದಿನ ಪುಕ್ಕಟೆ ದುಡಿದಿದ್ದ ಒಬ್ಬ ಆಯಿ ಅಲ್ಲೇ ಮೇಕೆ ಮೇಯಿಸ್ತಿದ್ದಳು. ಅವಳಿಗೆ ಒಂದು ಗುಂಟೆ ಹೊಲವೂ ಇಲ್ಲ. “ಎಷ್ಟ್ ಗರಸ್ ಹಾಕಿದ್ರೇನಪಾ, ನೀರು ಹೋಗಾಕ ಜಾಗಾನ ಇಲ್ಲ. ಆ ಬೇವಿನ ಗಿಡ ನೋಡು, ಮೊದಲ ಎಲ್ಲಿತ್ತು?” ಅಂದಳು.

ಗಿಡ ಎಲ್ಲೂ ಹೋಗಿರಲಿಲ್ಲ. ನಾನು ಸಣ್ಣವನಿದ್ದಾಗ ಅದು ದಾರಿಯ ಅಂಚಿಗಿತ್ತು, ಬುಡದಲ್ಲಿ ನೀರು ಹರಿಯುವ ಸಣ್ಣ ಕಾಲುವೆ. ಈಗ ಗಿಡ ನಮ್ಮ ಹೊಲದೊಳಗೆ ನಿಂತಿತ್ತು. ವರ್ಷಕ್ಕೆ ಅರ್ಧ ಗೇಣಿನಂತೆ ನಮ್ಮ ರಂಟೆ ದಾರಿಯನ್ನು ತಿಂದಿತ್ತು. ಕಾಲುವೆ ಮುಚ್ಚಿಹೋಗಿತ್ತು. ಹೋಗೋಕೆ ಜಾಗವಿಲ್ಲದ ನೀರು ದಾರಿಯ ಮೇಲೇ ಹೋಗಿತ್ತು. ಅಕ್ಕಪಕ್ಕದ ಹೊಲದವರದೂ ಅದೇ ಕಥೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿದೆ. ಬಂಡಿದಾರಿ ಜೋಡಿ ಚುಕ್ಕೆಗೆರೆಯಾಗಿ ಸ್ಪಷ್ಟವಾಗಿ ಇತ್ತು. ಮರುದಿನ ಅಳೆದೆ. ನಮ್ಮ ಕಡೆಯಿಂದ ಒತ್ತಿದ್ದು ಸುಮಾರು ಎರಡೂವರೆ ಅಡಿ ಅಗಲ, 400 ಅಡಿ ಉದ್ದ. ಅಂದರೆ 1,000 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಎಂಟು ಎಕರೆಯ ಹೊಲದಲ್ಲಿ ಒಂದು ಗುಂಟೆಗೂ ಕಡಿಮೆ!

ಅಪ್ಪನಿಗೆ ಹೇಳಿದೆ. “ಎಲ್ಲಾರೂ ಒತ್ಯಾರ. ನಾವೊಬ್ರು ಬಿಟ್ರ ಏನ್ ಬಂತು?” ಅಂದರು. ಆಮೇಲೆ ಸ್ವಲ್ಪ ಸಿಟ್ಟಿನಿಂದ, “ಐದ್ ಸಾವಿರ ಕೊಟ್ಟೀಯಲ್ಲ, ಮತ್ತೇನು?”

ನನ್ನನ್ನು ಕಾಡಿದ್ದು ಆ ಎರಡನೇ ಮಾತು. ನನ್ನ ಮನಸ್ಸು ಹಗುರಾಗಿದ್ದು ಇದಕ್ಕೇ ಅಲ್ಲವೇ? ಕೊಡುವವನಾಗಿ ಪಟ್ಟಿಯಲ್ಲಿ ಹೆಸರು ಬಂದಾಗ, ತಗೊಂಡವನೂ ನಾನೇ ಅನ್ನೋದು ಮರೆತುಹೋಗತ್ತೆ. ದಾನದಲ್ಲಿ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದು ನನ್ನ ಇಷ್ಟ. ಕೊಟ್ಟ ಮೇಲೆ ಹೊಗಳಿಕೆಯೂ ಸಿಗತ್ತೆ. ಬಾಕಿ ಹಾಗಲ್ಲ. ಅದನ್ನು ತೀರಿಸಬೇಕಾದರೆ ಮೊದಲು ‘ತಗೊಂಡಿದ್ದೆ’ ಅಂತ ಒಪ್ಪಬೇಕು. 5,000 ಕೊಡೋದಕ್ಕಿಂತ ಒಂದು ಗುಂಟೆಗೂ ಕಡಿಮೆ ನೆಲ ಬಿಡೋದು ನಮ್ಮ ಮನೆಗೆ ಕಷ್ಟವಾಗಿದ್ದು ನೆಲದ ಬೆಲೆಯಿಂದ ಅಲ್ಲ, ಈ ಒಪ್ಪಿಗೆಯಿಂದ.

ಅಪ್ಪನ ಮೊದಲ ಮಾತನ್ನೂ ತಳ್ಳಿಹಾಕೋಕೆ ಆಗಲ್ಲ. ಎಲ್ಲರ ಸ್ವತ್ತನ್ನು ಎಲ್ಲರೂ ಸೇರಿ ಹಾಳು ಮಾಡ್ತಾರೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ. ನಾನೊಬ್ಬ ತಡೆದುಕೊಂಡರೆ ನಷ್ಟ ನನಗೆ, ಲಾಭ ಪಕ್ಕದವನಿಗೆ: ಅಪ್ಪನ ಲೆಕ್ಕವೂ ಅದೇ. ಆದರೆ ಎಲಿನಾರ್ ಆಸ್ಟ್ರಮ್ ಎಂಬಾಕೆ ಮೀನುಗಾರರು, ನೀರಾವರಿ ರೈತರು, ಗುಡ್ಡದ ಹುಲ್ಲುಗಾವಲಿನವರನ್ನೆಲ್ಲ ಅಧ್ಯಯನ ಮಾಡಿ, ಹಾಗಾಗಲೇಬೇಕಿಲ್ಲ ಅಂತ ತೋರಿಸಿದರು. ಅದಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬಳಸುವವರೇ ನಿಯಮ ಮಾಡಿಕೊಂಡು, ಒಬ್ಬರ ಮೇಲೊಬ್ಬರು ಕಣ್ಣಿಟ್ಟರೆ ಎಲ್ಲರ ಸ್ವತ್ತು ನೂರಾರು ವರ್ಷ ಉಳಿದ ಉದಾಹರಣೆಗಳಿವೆ. ಜನ ನಿಯಮ ಪಾಲಿಸೋದು ಬೇರೆಯವರೂ ಪಾಲಿಸ್ತಾರೆ ಅಂತ ಕಂಡಾಗ. ಹಾಗಾದರೆ ಅದನ್ನು ಕಾಣುವಂತೆ ಮಾಡೋಕೆ ಯಾರಾದರೂ ಮೊದಲು ನಷ್ಟ ಮಾಡಿಕೊಳ್ಳಲೇಬೇಕು. ನಮ್ಮೂರ ಪಟ್ಟಿಯಲ್ಲಿ ಆ ನಷ್ಟಕ್ಕೆ ಕಾಲಮ್ಮು ಇರಲಿಲ್ಲ. ಆಯಿಯ ಎರಡು ದಿನದ ದುಡಿಮೆಗೂ ಇರಲಿಲ್ಲ. ದಾರಿಯನ್ನು ಒಂದು ಅಡಿಯೂ ಒತ್ತದವಳು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದಳು. ಹಲಗೆ ಬರೆಸಿದ್ದರೆ ನನ್ನ ಹೆಸರು ಮೇಲಿರುತ್ತಿತ್ತು.

ನಾನು ಬೆಂಗಳೂರಿಗೆ ವಾಪಸು ಬಂದೆ. ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ. ಕಡಲೆ ಬಿತ್ತುವ ಮುಂಚೆ ಕಾಕಾ ಒಂದು ಫೋಟೋ ಕಳಿಸಿದ. ಬೇವಿನ ಗಿಡ ಮತ್ತೆ ಹೊಲದ ಹೊರಗೆ ಬಂದಿತ್ತು. ಅಪ್ಪ ಬದುವನ್ನು ಒಳಕ್ಕೆ ಸರಿಸಿ ಕಾಲುವೆ ತೋಡಿಸಿದ್ದರು. ಒಂದು ಪಕ್ಕದವರು ನೋಡಿ ತಾವೂ ಬಿಟ್ಟರು. ಇನ್ನೊಂದು ಪಕ್ಕದವರು ಇವತ್ತಿಗೂ ಬಿಟ್ಟಿಲ್ಲ. ಮಳೆ ಬಂದಾಗ ಅಲ್ಲಿ ಸೈಕಲ್ ಹುಡುಗರು ಇಳಿದು ತಳ್ಳಿಕೊಂಡೇ ಹೋಗಬೇಕು. ಅಪ್ಪನಿಗೆ ಅದರ ಬಗ್ಗೆ ಕೇಳಿದರೆ, “ಅವರದ ಅವರಿಗೆ ಬಿಟ್ಟಿದ್ದು” ಅಂತಾರೆ. ಆ ಮಾತಿನಲ್ಲಿ ಸ್ವಲ್ಪ ಜಂಬ ಇದೆ, ಇರಲಿ.

ನನ್ನದೊಂದು ಉಳಿದಿದೆ. ನಾನು ಸಾಲ ಮಾಡಿ ತಗೊಂಡ ಫ್ಲ್ಯಾಟಿನ ಬೇಸ್‌ಮೆಂಟಿಗೆ ದೊಡ್ಡ ಮಳೆ ಬಂದಾಗಲೆಲ್ಲ ನೀರು ನುಗ್ಗತ್ತೆ. ಪಂಪ್ ಕೊಳ್ಳೋಕೆ ನಾವು ನಿವಾಸಿಗಳು ಪಟ್ಟಿ ಹಾಕ್ತೀವಿ, ನಾನು ತಡಮಾಡದೆ ಕೊಡ್ತೀನಿ. ಊರಿನ ನಕ್ಷೆ ತೆಗೆದು ನೋಡಿದ ಅದೇ ವೆಬ್‌ಸೈಟಿನಲ್ಲಿ ಈ ಜಾಗದ ಹಳೆಯ ನಕ್ಷೆಯನ್ನೂ ಹುಡುಕಬಹುದು. ನಮ್ಮ ಬೇಸ್‌ಮೆಂಟಿನ ಕೆಳಗೆ ಮೊದಲು ಏನಿತ್ತು ಅಂತ ನೋಡಬೇಕು ಅನ್ಕೊಂಡು ಎರಡು ಮಳೆಗಾಲ ಕಳೆದವು. ಇನ್ನೂ ನೋಡಿಲ್ಲ.