ದ್ವೀಪದ ಮೇಲಿನ ದೀಪ

ದ್ವೀಪಕ್ಕೂ ದೀಪಕ್ಕೂ ನಡುವೆ ಇರುವುದು ಒಂದು ಒತ್ತಕ್ಷರ ಮಾತ್ರ. ಆ ಒತ್ತನ್ನು ನುಂಗಿ ಓದುವ ಹುಡುಗರನ್ನು ಇಪ್ಪತ್ತು ವರ್ಷಗಳಿಂದ ತಿದ್ದುತ್ತ ಬಂದಿರುವ ನಾನು, ಎರಡನ್ನೂ ಮನೆಯೊಳಗೇ ತಂದಿರಿಸಿಕೊಂಡು ಪೇಚಿಗೆ ಸಿಕ್ಕೇನೆಂದು ಎಣಿಸಿರಲಿಲ್ಲ.

ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡ ನಮ್ಮ ಫ್ಲ್ಯಾಟಿನಲ್ಲಿ ಅಡಿಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ. ಗೋಡೆಯಿರಬೇಕಾದ ಕಡೆ ಸೊಂಟದೆತ್ತರದ, ಕರಿಯ ಗ್ರಾನೈಟು ಹಾಸಿದ ಒಂದು ಕಟ್ಟೆ, ಸುತ್ತಲೂ ಓಡಾಡಬಹುದು. ಅದಕ್ಕೆ ಐಲ್ಯಾಂಡ್ ಎನ್ನುತ್ತಾರೆ. ಎರಡು ಕಡೆ ನೀರುಳ್ಳದ್ದು ದ್ವೀಪ ಎಂದು ಸಂಸ್ಕೃತದ ವ್ಯುತ್ಪತ್ತಿ. ನಮ್ಮ ದ್ವೀಪದ ಒಂದು ಕಡೆ ಅಡಿಗೆ ಮಾಡುವವರು, ಇನ್ನೊಂದು ಕಡೆ ಕಾಫಿಯ ಲೋಟ ಹಿಡಿದು ನೋಡುವವರು. ಅದರ ಮೇಲೆ ಸೂರಿನಿಂದ ದೀಪಗಳನ್ನು ಇಳಿಬಿಡುವುದು ಈಗಿನ ಪದ್ಧತಿ. ದೇವರ ಮುಂದೆ ಸರಪಳಿಯಲ್ಲಿ ತೂಗುವ ನಂದಾದೀಪವನ್ನು ಕಂಡು ಬೆಳೆದ ನಮಗೆ ಇದು ತೀರ ಹೊಸದೂ ಅಲ್ಲ.

ದೀಪಗಳನ್ನು ಆರಿಸಿದವನು ನಾನು. ಸ್ವಚ್ಛ ಗಾಜಿನ ಮೂರು ಬುರುಡೆಗಳು. ಒಳಗೆ ಹಳೆಯ ಕಾಲದ ತಂತಿಯಂತೆ ಹೊಂಬಣ್ಣಕ್ಕೆ ಹೊಳೆಯುವ ಎಲ್‌ಇಡಿ ಎಳೆಗಳು. ಸೋಫಾದ ಮೇಲೆ ಕುಳಿತು, ಕಣ್ಣು ಕಿರಿದು ಮಾಡಿಕೊಂಡು, “ಇನ್ನೂ ಸ್ವಲ್ಪ ಮೇಲೆ” ಎಂದು ಎಲೆಕ್ಟ್ರಿಷಿಯನ್ ಹುಡುಗನಿಗೆ ಅಪ್ಪಣೆ ಮಾಡುತ್ತಿದ್ದೆ. “ಕಲ್ಲಿನಿಂದ ಎರಡೂವರೆ, ಮೂರು ಅಡಿಗೆ ಬಿಡ್ತೀವಿ ಸಾರ್” ಎಂದು ಅವನು ಒಮ್ಮೆ ಹೇಳಿದ. ನಾನು ನಾಲ್ಕೂವರೆ ಅಡಿಗೆ ಏರಿಸಿದೆ. ಮೂರೂ ಸಮದೂರದಲ್ಲಿ, ಒಂದೇ ಗೆರೆಯಲ್ಲಿ. ಬಂದವರೆಲ್ಲ ಮೆಚ್ಚಿದರು. ಮೆಚ್ಚುಗೆ ಯಾರಿಗೆ ಬೇಡ?

ಒಂದು ತಿಂಗಳು ಕಳೆದಿತ್ತು. ಕಾಲೇಜಿನಿಂದ ಬೇಗ ಬಂದ ಒಂದು ಮಧ್ಯಾಹ್ನ ನೋಡುತ್ತೇನೆ, ಅಮ್ಮ ಬಾಲ್ಕನಿಯ ಬಿಸಿಲಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಊರಿನಿಂದ ಬಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಳೆ. ಅವಳ ಒಂದು ಕಣ್ಣಿನ ಪೊರೆ ತೆಗೆಸಿದೆ; ಇನ್ನೊಂದು ಬಾಕಿ.

“ಏನಮ್ಮ, ಈ ಬಿಸಿಲಲ್ಲಿ?”

“ಒಳಗೆ ಕಲ್ಲು ಕಾಣಲ್ಲ ಕಣೋ. ಆ ದೀಪ ಕಣ್ಣಿಗೆ ಚುಚ್ಚುತ್ತೆ, ಅಕ್ಕಿ ಮೇಲೆ ಬೀಳಲ್ಲ.”

“ಮೊದಲೇ ಹೇಳಬಾರದಾಗಿತ್ತೆ?”

“ನೀನು ಅಷ್ಟು ಇಷ್ಟಪಟ್ಟು ತಂದಿದ್ದೆ.”

ನಮ್ಮಾಕೆಯನ್ನು ಕೇಳಿದೆ. “ಗೋಡೆ ಕಡೆ ನಿಂತು ತರಕಾರಿ ಹೆಚ್ಚುವಾಗ ದೀಪ ಬೆನ್ನ ಹಿಂದೆ ಇರುತ್ತೆ, ನನ್ನ ನೆರಳೇ ಕೈ ಮೇಲೆ ಬೀಳುತ್ತೆ. ಹೇಳಿದ್ದೆನಲ್ಲ? ನೀವು ಪೇಪರ್ ಓದ್ತಾ ಇದ್ರಿ.”

ಯಾರನ್ನೂ ನಾನು ಬಲವಂತಪಡಿಸಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಹಾಗಿದ್ದರೆ ತಪ್ಪು ನಡೆಯಿತೆ? ಗೊಣಗದಿರುವುದನ್ನೇ ಒಪ್ಪಿಗೆಯೆಂದು ಲೆಕ್ಕ ಹಿಡಿದರೆ ನಮ್ಮ ಮನೆಗಳಲ್ಲಿ ಒಪ್ಪಿಗೆಯಿಲ್ಲದೆ ಏನೂ ನಡೆದಿಲ್ಲ. ಆದರೆ ಅಮ್ಮನ ಮೌನ ನನ್ನ ದೀಪಕ್ಕೆ ಕೊಟ್ಟ ಒಪ್ಪಿಗೆಯಲ್ಲ. ನನ್ನ ಸಂತೋಷಕ್ಕೆ ತೆತ್ತ ಬೆಲೆ. ಗದರಿಸಿ ಬಾಯಿ ಮುಚ್ಚಿಸುವವನಿಗೆ ತಾನೇನು ಮಾಡುತ್ತಿದ್ದೇನೆಂಬುದಾದರೂ ತಿಳಿದಿರುತ್ತದೆ. ಪ್ರೀತಿಯ ಬಲದಿಂದ ಬಾಯಿ ಮುಚ್ಚಿಸುವವನಿಗೆ ಅಷ್ಟೂ ತಿಳಿಯದು.

“ಗೊತ್ತಿರಲಿಲ್ಲ” ಎಂಬುದು ನನ್ನ ಸಮರ್ಥನೆಯಾಗಿತ್ತು. ಅದೂ ಪೂರ್ತಿ ನಿಜವಲ್ಲ. ನಾನು ಬೆಳೆದ ಮನೆಯ ಹಾಲಿನಲ್ಲಿ ಟ್ಯೂಬ್‌ಲೈಟ್ ಇತ್ತು. ಅದರ ಕೆಳಗೆ ಅಪ್ಪನ ಸ್ನೇಹಿತರು ಹರಟುತ್ತಿದ್ದರು, ನಾನು ಓದುತ್ತಿದ್ದೆ. ಒಳಗೆ, ಹೊಗೆ ಹಿಡಿದ ಗೋಡೆಗಳ ನಡುವೆ, ಒಂದು 40 ಕ್ಯಾಂಡಲ್ ಬಲ್ಬು. ಅದರ ಕೆಳಗೆ ಅಮ್ಮ ಮೂವತ್ತು ವರ್ಷ ಬೇಯಿಸಿದಳು. ಮನೆಯಲ್ಲಿ ಕಣ್ಣಿಗೆ ಹೆಚ್ಚು ಕೆಲಸವಿದ್ದವಳಿಗೆ ಎಲ್ಲರಿಗಿಂತ ಕಡಿಮೆ ಬೆಳಕು. ಇದನ್ನು ನಾನು ದಿನವೂ ಕಂಡಿದ್ದೆ. ಗೊತ್ತಿಲ್ಲದಿರುವುದು ಬೇರೆ, ಗೊತ್ತುಮಾಡಿಕೊಳ್ಳದಿರುವುದು ಬೇರೆ. ನನ್ನದು ಎರಡನೆಯ ಜಾತಿ.

ಅಡಿಗೆ ಮಾಡದವರು ಅಡಿಗೆಮನೆಯ ವಿಚಾರಕ್ಕೆ ಹೋಗಲೇಬಾರದು ಎನ್ನೋಣವೆ? ಅದೂ ಸರಿಯಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗೆ ಅಡಿಗೆಮನೆಯೊಂದನ್ನು ರೂಪಿಸಿದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟ್ಟೆ-ಲಿಹೊಟ್ಸ್ಕಿ, ಅಲ್ಲಿಯವರೆಗೆ ತಾವು ಮನೆವಾರ್ತೆ ನಡೆಸಿದವರೇ ಅಲ್ಲವೆಂದು ಮುಂದೆ ಸ್ವತಃ ಒಪ್ಪಿಕೊಂಡರು. ಆದರೆ ಅಡಿಗೆಯ ಕೆಲಸದ ಹೆಜ್ಜೆಗಳನ್ನೂ ಸಮಯವನ್ನೂ ಅಳೆದು ನೋಡಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಇಕ್ಕಟ್ಟಿನಲ್ಲಿ ಸೂರಿಗೆ ಒಂದು ಕಂಬಿ ಜೋಡಿಸಿ, ದೀಪವನ್ನು ಕೆಲಸವಿದ್ದ ಕಡೆಗೆ ಸರಿಸಿಕೊಳ್ಳುವಂತೆ ಮಾಡಿದರು. ಅಂಥವು ಸುಮಾರು 10,000 ಮನೆಗಳಲ್ಲಿ ಬಂದುವು. ಅದು ಹೆಂಗಸನ್ನು ಒಬ್ಬಳನ್ನೇ ಒಳಗೆ ಕೂಡಿಹಾಕಿತೆಂದು ಆಮೇಲೆ ಟೀಕೆಯೂ ಬಂತು, ನ್ಯಾಯವಾಗಿಯೇ. ನಮ್ಮ ದ್ವೀಪ ಆ ಗೋಡೆಯನ್ನು ಒಡೆದಿದೆ. ಸರಿಯುವ ದೀಪವನ್ನು ಮಾತ್ರ ಮರೆತಿದೆ.

ಚೆಲುವನ್ನು ನಾನು ಹಳಿಯಲಾರೆ. ಬರಿಯ ಉಪಯೋಗವೇ ಮುಖ್ಯವೆನ್ನುವವರ ಮನೆಗೆ ಹೋಗಿ ಕುಳಿತರೆ ನನಗೆ ಆಸ್ಪತ್ರೆಯ ನೆನಪಾಗುತ್ತದೆ. ಡೆನ್ಮಾರ್ಕಿನ ಪೌಲ್ ಹೆನಿಂಗ್‌ಸನ್ (1894–1967) ಸೀಮೆಎಣ್ಣೆ ದೀಪದ ಮೆದುಬೆಳಕಿನಲ್ಲಿ ಬೆಳೆದವರು. ವಿದ್ಯುದ್ದೀಪದ ಬರಿಯ ಉರಿ ಕಣ್ಣಿಗೆ ಹೊಡೆಯುವುದನ್ನು ಅವರು ಸಹಿಸಲಿಲ್ಲ. ಒಂದರ ಕೆಳಗೊಂದು ಮೂರು ಮರೆಗಳನ್ನಿಟ್ಟು, ಬಲ್ಬು ಯಾವ ಕಡೆಯಿಂದಲೂ ಕಾಣದೆ ಬೆಳಕು ಮಾತ್ರ ಕೆಳಗಿಳಿಯುವಂತೆ 1920ರ ದಶಕದಲ್ಲಿ ಅವರು ಮಾಡಿದ ತೂಗುದೀಪ ಇಂದಿಗೂ ಮಾರಾಟವಾಗುತ್ತಿದೆ. ಅದರ ಅಂದವೆಲ್ಲ ನೋಡುವವನ ಕಣ್ಣನ್ನು ಕಾಯಲು ಹೊರಟದ್ದರಿಂದ ಬಂದದ್ದು. ನಾನು ಆರಿಸಿದ್ದು ಇದಕ್ಕೆ ತೀರ ವಿರುದ್ಧ: ಉರಿಯೇ ಒಡವೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಮ್ಮನ ಕನ್ನಡಕ ಬಿಟ್ಟು ಮಿಕ್ಕೆಲ್ಲ ಅವಳದೇ ಎಂಬಂತೆ, ಮೊರದಲ್ಲಿ ಪಾವು ಅಕ್ಕಿ ಹಾಕಿಕೊಂಡು ಆ ಬುರುಡೆಗಳ ಕೆಳಗೆ ಕುಳಿತೆ. ಎರಡು ಕಲ್ಲು ಸಿಕ್ಕಿದುವು. ಬೆಳಗ್ಗೆ ಅದೇ ಅಕ್ಕಿಯಲ್ಲಿ ಅಮ್ಮ ಬಾಲ್ಕನಿಯಲ್ಲಿ ಹನ್ನೊಂದು ತೆಗೆದಳು. ಮೊದಲೇ ಅವಳನ್ನು ಕೇಳಿದ್ದರೂ “ಚೆನ್ನಾಗಿದೆ” ಎಂದೇ ಹೇಳುತ್ತಿದ್ದಳೆಂಬುದರಲ್ಲಿ ನನಗೆ ಸಂಶಯವಿಲ್ಲ. ಕೇಳಿದರೆ ಸಾಲದಾಗಿತ್ತು, ಆ ಜಾಗದಲ್ಲಿ ಕುಳಿತುಕೊಳ್ಳಬೇಕಾಗಿತ್ತು.

ಎಲೆಕ್ಟ್ರಿಷಿಯನ್ ಹುಡುಗ ಮತ್ತೆ ಬಂದ. ನನ್ನ ಮುಖ ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ ಎಂಬ ಪಿ.ಯು.ಸಿ. ಪಾಠ ನನಗೆ ಆಗ ನೆನಪಾಯಿತು. ಗೋಡೆಯ ಕಪಾಟುಗಳ ಅಡಿಗೆ ಎಲ್‌ಇಡಿ ಪಟ್ಟಿ ಬಂತು. ನಮ್ಮಾಕೆಯ ನೆರಳು ಕೈ ಬಿಟ್ಟು ಬೆನ್ನ ಹಿಂದಕ್ಕೆ ಹೋಯಿತು. ಗಾಜಿನ ಬುರುಡೆಗಳ ಜಾಗದಲ್ಲಿ ಒಳಗೆ ಬಿಳಿ ಬಳಿದ, ಕೆಳಗೆ ಮಾತ್ರ ತೆರೆದ ತಗಡಿನ ಛತ್ರಿಗಳು ಎರಡೂವರೆ ಅಡಿಯ ಎತ್ತರಕ್ಕೆ ಇಳಿದುವು. ಮೂರನೆಯದನ್ನು ಕಲ್ಲಿನ ಅಂಚು ದಾಟಿಸಿ, ಅಮ್ಮ ಕುರ್ಚಿ ಹಾಕಿಕೊಳ್ಳುವ ಕಡೆಗೆ ಸರಿಸಿ, ಉಳಿದೆರಡಕ್ಕಿಂತ ಒಂದು ಗೇಣು ತಗ್ಗಿಸಿದೆವು. ಸೋಫಾದಿಂದ ನೋಡಿದರೆ ಸಾಲು ಕೆಟ್ಟಿದೆ.

ಬಂದವರು, “ಇದೇನು ಸಾರ್, ಒಂದು ಮಾತ್ರ ಹೀಗೆ? ಈಗಿನ ಫ್ಯಾಷನ್ನೇ?” ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮೊರದಿಂದ ತಲೆಯೆತ್ತದೆ, “ಹೌದು” ಎಂದುಬಿಡುತ್ತಾಳೆ.