ಕೊಳ ಮುಚ್ಚಿಸಿದವರು, ಕೊಳ ತೆರೆಸಿದವರು

ಬಾಗಿಲು ಹಾಕಿದ ಸಾರ್ವಜನಿಕ ಈಜುಕೊಳವನ್ನು ಮತ್ತೆ ತೆರೆಯಿರಿ ಎಂದು ಊರವರು ಹೋರಾಡಿದ ಕಥೆಗಳಲ್ಲಿ ಯಾರ ಪಕ್ಷ ವಹಿಸಬೇಕೆಂದು ಓದುವವರಿಗೆ ಮೊದಲೇ ಗೊತ್ತಿರುತ್ತದೆ. ಒಂದು ಕಡೆ ದುಡ್ಡಿಲ್ಲ ಎನ್ನುವ ಪಾಲಿಕೆ, ಇನ್ನೊಂದು ಕಡೆ ಫಲಕ ಹಿಡಿದ ಮಕ್ಕಳು, ಅಜ್ಜಿಯರು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿರುವ ಮೆಕ್ಯಾರನ್ ಪಾರ್ಕ್ ಕೊಳದ ಪ್ರಕರಣ ಅಷ್ಟು ಸಲೀಸಲ್ಲ. ಅಲ್ಲಿ ನಗರಾಡಳಿತ ದುರಸ್ತಿಗೆ ಹಣ ತೆಗೆದಿಟ್ಟಿತ್ತು. ಕೆಲಸ ಶುರುವಾಗುವ ಹೊತ್ತಿಗೆ ಕೆಲಸದವರನ್ನು ತಡೆದು ನಿಂತವರು ಸುತ್ತಲಿನ ಬೀದಿಗಳ ನಿವಾಸಿಗಳೇ.

1983ರ ಬೇಸಿಗೆ ಮುಗಿದ ಮೇಲೆ ಕೊಳವನ್ನು ರಿಪೇರಿಗೆಂದು ಮುಚ್ಚಿದರು. ಮರುವರ್ಷ ನಿವಾಸಿಗಳು ಅಡ್ಡನಿಂತರು, ರಿಪೇರಿ ನಿಂತಿತು. ಅದು ಮತ್ತೆ ತೆರೆದದ್ದು 2012ರ ಜೂನ್ 28ರಂದು. ಈ ನಡುವೆ ಅಲ್ಲಿ ಹುಟ್ಟಿದ ಮಗುವೊಂದು ದೊಡ್ಡದಾಗಿ, ಮದುವೆಯಾಗಿ, ತನ್ನ ಮಗುವನ್ನೂ ಎತ್ತಿಕೊಂಡಿರಬಹುದು, ಆ ಕೊಳಕ್ಕೆ ಒಮ್ಮೆಯೂ ಇಳಿಯದೆ.

ಕೊಳ ಸಣ್ಣದಾಗಿದ್ದರೆ ಈ ಮಾತು ಇಷ್ಟು ದೊಡ್ಡದಾಗುತ್ತಿರಲಿಲ್ಲ. 1936ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರ 11 ಭಾರಿ ಈಜುಕೊಳಗಳನ್ನು ಒಂದರ ಹಿಂದೊಂದು ತೆರೆಯಿತು. ಆರ್ಥಿಕ ಮಹಾಕುಸಿತದ ಕಾಲ ಅದು. ನಿರುದ್ಯೋಗಿಗಳ ಕೈಗೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ ಬಿಡುಗಡೆ ಮಾಡಿದ ಹಣವನ್ನು ಮೇಯರ್ ಲಾ ಗ್ವಾರ್ಡಿಯಾ ಮತ್ತು ಉದ್ಯಾನ ಕಮಿಷನರ್ ರಾಬರ್ಟ್ ಮೋಸೆಸ್ ಕೊಳಗಳಿಗೆ ಸುರಿದರು. ಜುಲೈ 31ರಂದು ತೆರೆದ ಮೆಕ್ಯಾರನ್ ಕೊಳ 330 ಅಡಿ ಉದ್ದ, 165 ಅಡಿ ಅಗಲ. ಒಮ್ಮೆಗೆ 6,800 ಜನ ಹಿಡಿಸಬಲ್ಲದ್ದು. ಬಾಗಿಲಿಗೆ ಕೋಟೆಯಂಥ ಇಟ್ಟಿಗೆ ಕಮಾನು. ಕೂಲಿಕಾರರ ಮಕ್ಕಳಿಗೆ ಇಂಥ ಬಾಗಿಲಿನ ಮೂಲಕ ಒಳಗೆ ಹೋಗುವ ಯೋಗ ಅದಕ್ಕೂ ಮುಂಚೆ ಎಷ್ಟಿತ್ತೋ! ಮೋಸೆಸ್‌ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಹಾರ್ಲೆಮ್‌ನ ಪೂರ್ವಕ್ಕಿದ್ದ ಇನ್ನೊಂದು ಕೊಳದ ನೀರನ್ನು ಆತ ಬೇಕೆಂದೇ ತಣ್ಣಗಿಡಿಸಿದ್ದ, ಕಪ್ಪುಜನ ತಣ್ಣೀರಿಗೆ ಹೆದರಿ ಬರುವುದಿಲ್ಲ ಎಂಬ ಲೆಕ್ಕ ಹಾಕಿದ್ದ ಎಂದು ರಾಬರ್ಟ್ ಕ್ಯಾರೊ 1974ರ ತಮ್ಮ 'ದ ಪವರ್ ಬ್ರೋಕರ್' ಪುಸ್ತಕದಲ್ಲಿ ಬರೆದರು. ಇದು ನಿಜವೇ ಎಂದು ಆಮೇಲಿನ ಇತಿಹಾಸಕಾರರು ಸಂಶಯಪಟ್ಟಿದ್ದಾರೆ. ನನಗೂ ಸಂಶಯವೇ. ಆದರೆ ಇಂಥ ಮಾತನ್ನು ಒಂದು ನಗರ ಕೇಳಿದ ಕೂಡಲೇ ನಂಬಿತಲ್ಲ, ಆ ನಂಬಿಕೆಗೆ ಕಾರಣಗಳಿದ್ದವು.

ಮೆಕ್ಯಾರನ್ ಪಾರ್ಕಿನ ಉತ್ತರಕ್ಕೆ ಗ್ರೀನ್‌ಪಾಯಿಂಟ್, ಪೋಲೆಂಡಿನಿಂದ ಬಂದವರ ಕೇರಿ. ಪಕ್ಕದ ವಿಲಿಯಮ್ಸ್‌ಬರ್ಗ್‌ನ ಉತ್ತರ ಭಾಗದಲ್ಲಿ ಇಟಲಿ ಮೂಲದವರು, ದಕ್ಷಿಣದಲ್ಲಿ ಪೋರ್ಟೊರಿಕೊ ಕಡೆಯವರು, ಇನ್ನೂ ಆಚೆ ಕಟ್ಟಾ ಸಂಪ್ರದಾಯಸ್ಥ ಹಸಿದಿಕ್ ಯಹೂದಿಗಳು. 1975ರಲ್ಲಿ ನಗರದ ಖಜಾನೆ ಬರಿದಾಗಿ ದಿವಾಳಿಯ ಅಂಚು ಮುಟ್ಟಿತು. ಉದ್ಯಾನ ಇಲಾಖೆಯ ಸಿಬ್ಬಂದಿ ಕರಗಿತು. ಕೊಳದ ಟೈಲ್ಸ್ ಕಿತ್ತುಬಂದವು, ಕೊಳವೆಗಳು ಸೋರಿದವು. ಕಳ್ಳತನ, ಮಾದಕವಸ್ತು, ಹೊಡೆದಾಟ ಎಲ್ಲವೂ ಇದ್ದವು. ನಿವಾಸಿಗಳ ದೂರು ಕಟ್ಟುಕಥೆಯಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡಬೇಕು. ಮನೆಯ ಮುಂದಿನ ಮೆಟ್ಟಿಲ ಮೇಲೆ ಸಂಜೆ ಕೂರಲಾಗದ ಮುದುಕಿಗೆ ದೂರದಲ್ಲಿ ಕೂತವರು ಸಮಾನತೆಯ ಪಾಠ ಹೇಳುವುದು ಸುಲಭ.

ಆದರೆ ಅವರು ಕೇಳಿದ್ದೇನು ಎಂಬುದನ್ನು ನೋಡಿ. ಕಳ್ಳತನವೇ ತೊಂದರೆಯಾಗಿದ್ದರೆ ಕಾವಲು ಕೇಳಬೇಕಿತ್ತು, ದೀಪ ಕೇಳಬೇಕಿತ್ತು, ಪೊಲೀಸ್ ಚೌಕಿ ಕೇಳಬೇಕಿತ್ತು. ಅವರಲ್ಲಿ ಹಲವರು ಕೇಳಿದ್ದು ಕೊಳವನ್ನೇ ಕೆಡವಿ ಎಂದು. ಕಟ್ಟುವುದೇ ಆದರೆ ನಮ್ಮ ಬೀದಿಗಳಿಗೆ ಸಾಲುವಷ್ಟು ಸಣ್ಣದೊಂದನ್ನು ಕಟ್ಟಿ ಎಂದು. ದೊಡ್ಡ ಕೊಳ ದೂರದವರನ್ನು ಕರೆಯುತ್ತದೆ, ಸಬ್‌ವೇ ಹತ್ತಿ ಬರುವ ಕಪ್ಪು ಹುಡುಗರನ್ನು, ಸ್ಪ್ಯಾನಿಷ್ ಮಾತಾಡುವ ಹುಡುಗರನ್ನು. ಹೊರಗಿನವರು ಬರುತ್ತಾರೆ ಎಂಬ ಮಾತಿನೊಳಗೆ ಈ ಬಣ್ಣದ ಲೆಕ್ಕ ಇತ್ತೆಂದು ಅಂದಿನ ವರದಿಗಾರರೂ ಬರೆದರು, ಆಮೇಲೆ ಅಲ್ಲಿಯ ಹಳಬರೂ ಒಪ್ಪಿಕೊಂಡರು. ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕುಯ್ದುಕೊಂಡವನ ಗಾದೆ ನಮ್ಮಲ್ಲಿದೆಯಲ್ಲ, ಗ್ರೀನ್‌ಪಾಯಿಂಟಿನವರು ಮಾಡಿದ್ದು ಅದನ್ನೇ. ಅವರ ಮಕ್ಕಳೂ ಬೇಸಿಗೆಯ ಧಗೆಯಲ್ಲಿ ಬೀದಿಯ ಅಗ್ನಿಶಾಮಕ ನಲ್ಲಿ ಬಿಚ್ಚಿಕೊಂಡು ನೆನೆಯಬೇಕಾಯಿತು.

ಬೇರೆಯವರು ಬಾರದಿರಲೆಂದು ಕೊಳವನ್ನೇ ಮುಚ್ಚುವ ಈ ಉಪಾಯ ಬ್ರೂಕ್ಲಿನ್ನಿನವರೇ ಕಂಡುಹಿಡಿದದ್ದಲ್ಲ. ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಐದು ಸಾರ್ವಜನಿಕ ಕೊಳಗಳಿದ್ದವು, ನಾಲ್ಕು ಬಿಳಿಯರಿಗೆ, ಒಂದು ಕಪ್ಪುಜನರಿಗೆ. 1962ರಲ್ಲಿ ನ್ಯಾಯಾಲಯ ಈ ಬೇರ್ಪಡೆ ಸಲ್ಲದು ಎಂದಿತು. ನಗರ ಪಾರ್ಕು, ಮೃಗಾಲಯ, ಗಾಲ್ಫ್ ಮೈದಾನಗಳನ್ನು ಎಲ್ಲರಿಗೂ ಬಿಟ್ಟಿತು. ಕೊಳಗಳನ್ನು ಮಾತ್ರ ಮುಚ್ಚಿತು. ನಾಲ್ಕು ನಗರದ ಸ್ವಂತದವು. ಐದನೆಯದು ವೈಎಂಸಿಎಯಿಂದ ಗುತ್ತಿಗೆಗೆ ಪಡೆದದ್ದು, ಅದನ್ನು ವಾಪಸ್ ಕೊಟ್ಟಿತು. ವೈಎಂಸಿಎ ಅದನ್ನು ಬಿಳಿಯರಿಗಷ್ಟೇ ನಡೆಸಿಕೊಂಡು ಹೋಯಿತು. ಕೊಳ ತೆರೆಯಿರಿ ಎಂದು ಕಪ್ಪು ನಾಗರಿಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1971ರ ಜೂನ್‌ನಲ್ಲಿ 'ಪಾಮರ್ ವಿರುದ್ಧ ಥಾಂಪ್ಸನ್' ತೀರ್ಪು ಬಂತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ತರ್ಕ ಹೀಗೆ: ಕೊಳ ಎಲ್ಲರಿಗೂ ಮುಚ್ಚಿದೆ, ಆದ್ದರಿಂದ ಯಾರಿಗೂ ತಾರತಮ್ಯವಾಗಿಲ್ಲ, ಮುಚ್ಚಿದವರ ಮನಸ್ಸಿನಲ್ಲೇನಿತ್ತು ಎಂದು ಕೋರ್ಟು ಕೆದಕುವಂತಿಲ್ಲ. ನ್ಯಾಯಮೂರ್ತಿ ವೈಟ್ ಒಪ್ಪಲಿಲ್ಲ. ಕಪ್ಪುಜನ ನಮ್ಮೊಡನೆ ನೀರಿಗಿಳಿಯಲು ಯೋಗ್ಯರಲ್ಲ ಎಂದು ಸರ್ಕಾರವೇ ಸಾರಿ ಹೇಳಿದಂತಾಯಿತು ಎಂಬುದು ಅವರ ವಾದ. ಕಾನೂನು ಓದಿದವರು ಬ್ಲ್ಯಾಕ್ ಪರ ಏನಾದರೂ ಹೇಳಬಲ್ಲರು. ನೀತಿಯ ಪ್ರಶ್ನೆಯಾಗಿ ನೋಡಿದರೆ ವೈಟ್ ಹೇಳಿದ್ದೇ ಸರಿ.

ಕನ್ನಡದ ಓದುಗರಿಗೆ ಇಲ್ಲಿ ಮಹಾರಾಷ್ಟ್ರದ ಮಹಾಡ್ ನೆನಪಾಗದೆ ಇರುವುದಿಲ್ಲ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನಸಭೆ 1923ರಲ್ಲೇ ಗೊತ್ತುವಳಿ ಮಾಡಿತ್ತು. ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಅದೇ ಪ್ರಾಂತ್ಯ. ಮಹಾಡಿನ ಪುರಸಭೆ ಚವದಾರ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರೂ ಅವರ ಜೊತೆಗಿದ್ದವರೂ ನಿಜವಾಗಿ ನೀರು ಮುಟ್ಟಿದಾಗ ಊರ ಸವರ್ಣರು ಕೆರೆಗೆ ಶುದ್ಧಿ ಮಾಡಿಸಿದರು. ಪುರಸಭೆ ಅದೇ ವರ್ಷ ತನ್ನ ಗೊತ್ತುವಳಿಯನ್ನು ಹಿಂತೆಗೆದುಕೊಂಡಿತು. ಆದರೂ ಒಂದು ವ್ಯತ್ಯಾಸ ಉಂಟು. ಮಹಾಡಿನ ಸವರ್ಣರು ಕೆರೆ ಬತ್ತಿಸುವಂತಿರಲಿಲ್ಲ, ಆ ನೀರು ಅವರಿಗೂ ಬೇಕಿತ್ತು. ಈಜುಕೊಳ ಇಲ್ಲದಿದ್ದರೆ ಯಾರೂ ಬಾಯಾರಿ ಸಾಯುವುದಿಲ್ಲ. ಹಾಗಾಗಿ ಅದನ್ನು ಬತ್ತಿಸಿ, ಖರ್ಚು ಉಳಿಸಿದೆವು ಎಂದೋ ಶಾಂತಿ ಕಾಪಾಡಿದೆವು ಎಂದೋ ಹೇಳಿಕೊಂಡು ತಲೆಯೆತ್ತಿ ಓಡಾಡಬಹುದು. ಉಲ್ಲಾಸದ ಜಾಗಗಳಲ್ಲಿ ನಡೆಯುವ ಅನ್ಯಾಯ ಇಷ್ಟು ಕಾಲ ಉಳಿದುಕೊಳ್ಳುವುದು ಈ ಅನುಕೂಲದಿಂದ.

ಮೆಕ್ಯಾರನ್‌ಗೆ ಮರಳೋಣ. ಕೆಡವಿ ಎನ್ನುವವರ ಎದುರು ಕಲಾವಿದೆಯೊಬ್ಬರು ಮುಂದಾಳಾಗಿದ್ದ ಸಣ್ಣ ಗುಂಪು ವರ್ಷಗಟ್ಟಲೆ ನಿಂತಿತು. ನಕ್ಷೆ ಬರೆದರು, ಅರ್ಜಿ ಹಾಕಿದರು, ಸಭೆಗಳಲ್ಲಿ ಬೈಸಿಕೊಂಡರು. ಕಮಾನು, ಇಟ್ಟಿಗೆ, ಆ ಕಾಲದ ವಿನ್ಯಾಸ, ಇವುಗಳ ಮೇಲಿನ ಮೋಹವೂ ಅದರಲ್ಲಿ ಇತ್ತು. ಕಟ್ಟಡದ ಮೇಲಿನ ಪ್ರೀತಿ ಮನುಷ್ಯರ ಮೇಲಿನ ಪ್ರೀತಿಗಿಂತ ಕಡಿಮೆಯದು ಎಂದು ಕೆಲವರು ಮೂಗು ಮುರಿಯುತ್ತಾರೆ. ಈ ಪ್ರಕರಣದ ಮಟ್ಟಿಗೆ ನಾನು ಮುರಿಯಲಾರೆ. ದೊಡ್ಡ ಕಟ್ಟಡ ಉಳಿದದ್ದರಿಂದಲೇ ದೊಡ್ಡ ಕೊಳ ಉಳಿಯಿತು, ದೊಡ್ಡ ಕೊಳ ಉಳಿದದ್ದರಿಂದಲೇ ಮುಂದೆ ದೂರದವರು ಬರುವಂತಾಯಿತು. ಸಣ್ಣದು ಕಟ್ಟಿದ್ದರೆ ಹೊರಗಿನವರನ್ನು ತಡೆಯಲು ಯಾರೂ ಗೇಟಿಗೆ ಬರಬೇಕಿರಲಿಲ್ಲ. ಆ ಕೆಲಸವನ್ನು ಅಳತೆಯೇ ಮಾಡಿಬಿಡುತ್ತಿತ್ತು.

ಕೊನೆಗೆ ಗೆದ್ದದ್ದು ಮಾತ್ರ ಆ ಗುಂಪಿನ ತಾಳ್ಮೆಯೊಂದರಿಂದಲ್ಲ. ಬಾಡಿಗೆ ಅಗ್ಗವೆಂದು ವಿಲಿಯಮ್ಸ್‌ಬರ್ಗ್‌ಗೆ ಚಿತ್ರಕಾರರು, ಗಾಯಕರು ಬಂದರು. ಅವರ ಹಿಂದೆ ದುಡ್ಡಿದ್ದವರು ಬಂದರು. 2005ರಲ್ಲಿ ನಗರ ನದೀತೀರದ ವಲಯ ನಿಯಮಗಳನ್ನು ಬದಲಿಸಿತು, ಹಳೆಯ ಕಾರ್ಖಾನೆಗಳ ಜಾಗದಲ್ಲಿ ಗಾಜಿನ ಬಹುಮಹಡಿಗಳು ಎದ್ದವು. ಅದೇ ವರ್ಷ ನೊಎಮಿ ಲಾಫ್ರಾನ್ಸ್ ಎಂಬ ನೃತ್ಯ ಸಂಯೋಜಕಿ ನೀರಿಲ್ಲದ ಕೊಳದೊಳಗೆ 'ಅಗೋರಾ' ಪ್ರದರ್ಶನ ನಡೆಸಿದರು. ಆಮೇಲಿನ ಮೂರು ಬೇಸಿಗೆ ಅಲ್ಲಿ ರಾಕ್ ಸಂಗೀತದ ಕಛೇರಿಗಳು ನಡೆದವು, ಒಣ ಕೊಳದ ತಳದಲ್ಲಿ ಸಾವಿರಾರು ಜನ ಕುಣಿದರು. 2007ರಲ್ಲಿ ಕೊಳಕ್ಕೆ ಪಾರಂಪರಿಕ ಕಟ್ಟಡದ ಮಾನ್ಯತೆ ಸಿಕ್ಕಿತು, ಮೇಯರ್ ಬ್ಲೂಮ್‌ಬರ್ಗ್ 5 ಕೋಟಿ ಡಾಲರ್ ಯೋಜನೆ ಘೋಷಿಸಿದರು. ಮನೆಬಾಡಿಗೆ ಏರಿ ಹಳೆಯ ಕುಟುಂಬಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿದ್ದ ಹೊತ್ತಿಗೆ ಕೊಳಕ್ಕೆ ನೀರು ಬರುವ ದಿನ ಹತ್ತಿರವಾಯಿತು.

ಇದನ್ನು ನ್ಯಾಯ ಎನ್ನಬೇಕೆ? 1984ರಲ್ಲಿ ಯಾರನ್ನು ತಡೆಯಲೆಂದು ಕೊಳವನ್ನು ಮುಚ್ಚಿಯೇ ಇಡಲಾಯಿತೋ ಆ ಹುಡುಗರಿಗೆ 2012ರಲ್ಲಿ ನಲವತ್ತು ದಾಟಿತ್ತು. ಅವರಿಗೆ ಈಜು ಕಲಿಸಲು ಯಾರೂ ಹಿಂದಿನ ಬೇಸಿಗೆಗಳನ್ನು ತಂದುಕೊಡಲಾರರು. ಹೊಸಬರು ಕೊಳ ಬೇಕೆಂದರು, ಕೊಳ ಬಂತು. ಹೊಸಬರ ಮಾತಿಗೆ ಬೆಲೆ ಬಂದದ್ದು ಅವರ ಜೇಬಿನಿಂದ ಎಂದು ಯಾರಾದರೂ ಅಂದರೆ ಉತ್ತರಿಸುವುದು ಕಷ್ಟ. ಆದರೂ ನಾನು ಈ ಎರಡನೆಯ ಒತ್ತಾಯವನ್ನು ಮೊದಲನೆಯದರ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ತೆರೆದದ್ದು ಕ್ಲಬ್ ಅಲ್ಲ. ಪ್ರವೇಶಕ್ಕೆ ಶುಲ್ಕವಿಲ್ಲ. ಈಜುಡುಗೆ ಇರಬೇಕು, ಲಾಕರಿಗೆ ಬೀಗ ತರಬೇಕು, ಮೇಲಂಗಿ ಹಾಕಿದರೆ ಅದು ಬಿಳಿಯದೇ ಆಗಿರಬೇಕು, ತೆರೆದಾಗ ಇದ್ದ ನಿಯಮಗಳು ಇಂಥವು. ನೀನು ಯಾವ ಬೀದಿಯವನು ಎಂದು ಗೇಟಿನಲ್ಲಿ ಯಾರೂ ಕೇಳುವುದಿಲ್ಲ.

ಪರೀಕ್ಷೆ ಬೇಗ ಎದುರಾಯಿತು. ತೆರೆದ ಮೊದಲ ದಿನಗಳಲ್ಲೇ, ಪಲ್ಟಿ ಹೊಡೆದು ಧುಮುಕಬೇಡಿ ಎಂದ ಲೈಫ್‌ಗಾರ್ಡ್ ಮೇಲೆ ಹುಡುಗರು ಕೈಮಾಡಿದರು. ವಾರದೊಳಗೆ ಪೊಲೀಸರ ಮೇಲೂ ಹಲ್ಲೆ, ಬಂಧನ. ನಾವು ಆಗಲೇ ಹೇಳಿರಲಿಲ್ಲವೇ ಎಂಬ ಹಳೆಯ ಧ್ವನಿ ಪತ್ರಿಕೆಗಳಲ್ಲಿ ಮತ್ತೆ ಕೇಳಿತು. ಹೊಸ ಬಹುಮಹಡಿಗಳ ಕೆಲವು ಬಾಯಿಂದಲೂ ಅದು ಬಂತು, ಭಾಷೆ ಸ್ವಲ್ಪ ನಯ. ಕೊಳ ಮುಚ್ಚಲು ಇದಕ್ಕಿಂತ ಒಳ್ಳೆಯ ನೆಪ ನಗರಕ್ಕೆ ಸಿಕ್ಕುತ್ತಿರಲಿಲ್ಲ. ನಗರ ಪೊಲೀಸರನ್ನು ಹೆಚ್ಚಿಸಿತು, ಕೊಳ ತೆರೆದೇ ಇಟ್ಟಿತು. 1984ರಲ್ಲಿ ಕೇಳಬಹುದಾಗಿದ್ದ ಮದ್ದು ಇದೇ. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ನಡೆ ಇದು. ಕೊಳ ತೆರೆದ ಮೊದಲ ದಿನಕ್ಕಿಂತ, ಜಗಳದ ಮರುದಿನವೂ ತೆರೆದಿಟ್ಟದ್ದು ದೊಡ್ಡದು.

ಹೀಗೆಂದುಕೊಂಡು ನಿಶ್ಚಿಂತನಾಗುವ ಹೊತ್ತಿಗೆ ಅಲ್ಲಿಂದ ನಡೆದು ಹೋಗುವ ದೂರದಲ್ಲಿರುವ ಇನ್ನೊಂದು ಕೊಳ ನನ್ನ ಅಳತೆಗೋಲನ್ನೇ ಅಲುಗಿಸುತ್ತದೆ. ಬೆಡ್‌ಫರ್ಡ್ ಅವೆನ್ಯೂದ ಮೆಟ್ರೊಪಾಲಿಟನ್ ಕೊಳ 1922ರದು, ಛಾವಣಿಯುಳ್ಳದ್ದು, ವರ್ಷವಿಡೀ ನಡೆಯುವಂಥದ್ದು. ಅಲ್ಲಿ ವಾರದ ಕೆಲವು ಗಂಟೆ ಹೆಂಗಸರಿಗಷ್ಟೇ ಮೀಸಲಾಗಿತ್ತು. ಬರುತ್ತಿದ್ದವರಲ್ಲಿ ಬಹುಪಾಲು ಹಸಿದಿಕ್ ಹೆಂಗಸರು. ಗಂಡಸರಿರುವ ನೀರಿಗೆ ಅವರ ಮತ ಅವರನ್ನು ಇಳಿಯಗೊಡುವುದಿಲ್ಲ. 2016ರಲ್ಲಿ ಯಾರೋ ಹೆಸರು ಹೇಳದೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಸಾರ್ವಜನಿಕ ಕೊಳದಲ್ಲಿ ಧರ್ಮದ ಗಡಿಯಾರ ನಡೆಯಕೂಡದು ಎಂಬರ್ಥದಲ್ಲಿ 'ನ್ಯೂಯಾರ್ಕ್ ಟೈಮ್ಸ್' ಸಂಪಾದಕೀಯ ಬರೆಯಿತು. ಎಲ್ಲರಿಗೂ ತೆರೆದಿರಲಿ ಎಂಬ ನನ್ನ ತತ್ತ್ವ ಆ ಸಂಪಾದಕೀಯದ ಪಕ್ಕದಲ್ಲೇ ಕೂರಬೇಕು.

ನನಗೆ ಕೂರಲು ಮನಸ್ಸಿಲ್ಲ. ನಮ್ಮಲ್ಲಿ ಪಾಲಿಕೆಯ ಈಜುಕೊಳಗಳಲ್ಲಿ ಹೆಂಗಸರ ಬ್ಯಾಚು ಎಂದು ಬೋರ್ಡು ಹಾಕಿದರೆ ಯಾರೂ ಕೋರ್ಟಿಗೆ ಓಡುವುದಿಲ್ಲ, ಆ ಗಂಟೆ ಇಲ್ಲದಿದ್ದರೆ ನೀರಿಗಿಳಿಯದ ಅಕ್ಕತಂಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಗ್ರೀನ್‌ಪಾಯಿಂಟಿನವರ ತಡೆ ಬರಬಲ್ಲವರನ್ನು ಬಾರದಂತೆ ಮಾಡಿತು. ಮೆಟ್ರೊಪಾಲಿಟನ್ ಕೊಳದ ಮೀಸಲು ಗಂಟೆ ಬರಲಾಗದವರನ್ನು ಬರುವಂತೆ ಮಾಡಿತು, ಆ ಹೊತ್ತು ಹೊರಗುಳಿದ ಗಂಡಸಿಗೆ ಅದೇ ದಿನ ಬೇರೆ ಹೊತ್ತು ಇತ್ತು. ಈ ಸಮರ್ಥನೆಯಲ್ಲಿ ಒಂದು ಬಿರುಕಿದೆ, ಬಲ್ಲೆ: ಜ್ಯಾಕ್ಸನ್ನಿನ ಬಿಳಿಯರೂ ಕಪ್ಪುಜನರಿಗೆ ಬೇರೆ ಕೊಳ ಇದೆಯಲ್ಲ ಎಂದೇ ವಾದಿಸಿದ್ದರು. ಆ ಬಿರುಕನ್ನು ತುಂಬುವ ವಾದ ನನ್ನ ಬಳಿ ಪೂರ್ತಿಯಾಗಿ ಇಲ್ಲ. ಜ್ಯಾಕ್ಸನ್ನಿನಲ್ಲಿ ಬೇರ್ಪಡೆ ಬೇಡಿದವರು ಬಲಿಷ್ಠರು, ಇಲ್ಲಿ ಬೇಡಿದವರು ತಮ್ಮ ಮನೆಯೊಳಗೇ ಮಾತು ನಡೆಯದ ಹೆಂಗಸರು ಎಂಬುದಷ್ಟನ್ನು ಹಿಡಿದು ನಾನು ಅವರ ಕಡೆ ನಿಲ್ಲುತ್ತೇನೆ. ನಗರ ಆ ಗಂಟೆಗಳನ್ನು ಕಡಿಮೆ ಮಾಡಿತು, ಪೂರ್ತಿ ತೆಗೆಯಲಿಲ್ಲ.