ಹಾಡದೇ ಇರುವುದೂ ಒಂದು ಮಾತೇ?



ಯಾರಾದರೂ ಮೌನವನ್ನು ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ತಲೆಮಾರುಗಟ್ಟಲೆ ನಮ್ಮ ಬಾಯಿ ಕಟ್ಟಿದವರೇ ನಮಗೆ ತಾಳ್ಮೆಯ ಪಾಠ ಹೇಳಿದ್ದು. 1920ರಲ್ಲಿ ಬಾಬಾಸಾಹೇಬರು ಹೊರತಂದ ಪತ್ರಿಕೆಯ ಹೆಸರೇ 'ಮೂಕನಾಯಕ'. ಮೌನವನ್ನು ಸದ್ಗುಣ ಅಂತ ನಾವು ಸುಲಭಕ್ಕೆ ಒಪ್ಪುವವರಲ್ಲ. ಆದರೂ ಲೆಬನಾನಿನ ಗಾಯಕಿ ಫೈರೂಜ್ ಅವರ ಮೌನ ನನ್ನನ್ನು ಯೋಚನೆಗೆ ಹಚ್ಚಿದೆ.

ಅವರ ಹುಟ್ಟುಹೆಸರು ನುಹಾದ್ ಹದ್ದಾದ್. ಬೈರೂತಿನ ಬಡ ಕ್ರೈಸ್ತ ಕುಟುಂಬ, ತಂದೆ ಅಚ್ಚುಕೂಟದ ಕೆಲಸಗಾರ. ಅರಬ್ ನಾಡುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಬೆಳಗಿನ ಕಾಫಿಯ ಹೊತ್ತಿಗೆ ಅವರದೇ ಹಾಡು. 1975ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಗಿ 1990ರವರೆಗೂ ನಡೆಯಿತು. ಬೈರೂತ್ ಎರಡು ಹೋಳಾಯಿತು. ಪೂರ್ವದಲ್ಲಿ ಹೆಚ್ಚಾಗಿ ಕ್ರೈಸ್ತರು, ಪಶ್ಚಿಮದಲ್ಲಿ ಹೆಚ್ಚಾಗಿ ಮುಸ್ಲಿಮರು. ಎರಡೂ ಕಡೆಯವರ ರೇಡಿಯೋದಲ್ಲಿ ಮಾತ್ರ ಅದೇ ದನಿ.

ಅನುಕೂಲವಿದ್ದ ಅನೇಕರು ದೇಶ ಬಿಟ್ಟರು. ಫೈರೂಜ್ ಬಿಡಲಿಲ್ಲ. ಆದರೆ ದೇಶದೊಳಗೆ ಕಛೇರಿ ಕೊಡುವುದನ್ನು ನಿಲ್ಲಿಸಿದರು. ಲಂಡನ್, ಪ್ಯಾರಿಸ್, ಅಮೆರಿಕದಲ್ಲಿ ಹಾಡಿ ಮತ್ತೆ ಗುಂಡಿನ ಸದ್ದಿನ ಊರಿಗೇ ಬರುತ್ತಿದ್ದರು. ಒಂದೇ ಅಪವಾದ, 1978ರ 'ಪೆತ್ರಾ' ಎಂಬ ಸಂಗೀತ ನಾಟಕ. ಅದನ್ನು ಬೈರೂತಿನ ಪಶ್ಚಿಮದಲ್ಲೂ ಆಡಿದರು, ಪೂರ್ವದಲ್ಲೂ ಆಡಿದರು.

ಸಮ್ಯಕ್ ವಾಕ್ಕಿನಲ್ಲಿ ಭಗವಾನರು ಸುಳ್ಳಿನ ಜೊತೆಗೇ ಚಾಡಿಯನ್ನೂ ಬಿಡಿ ಎಂದರು. ಚಾಡಿ ಎಂದರೆ ಒಬ್ಬರಿಂದ ಒಬ್ಬರನ್ನು ಒಡೆಯುವ ಮಾತು. ಶಾಲೆಯಲ್ಲಿ ದಿನಾ ಮಕ್ಕಳ ಚಾಡಿ ಕೇಳುವ ನನಗೆ ಒಂದು ಗೊತ್ತು: ಚಾಡಿ ಸುಳ್ಳೇ ಆಗಿರಬೇಕಿಲ್ಲ. ನಿಜವಾದ ಮಾತೂ ಯಾರ ಮುಂದೆ, ಯಾವ ಹೊತ್ತಿನಲ್ಲಿ ಆಡಿದ್ದು ಅನ್ನುವುದರ ಮೇಲೆ ಚಾಡಿಯಾಗುತ್ತದೆ. ಹಾಡೂ ಹಾಗೆಯೇ. ಊರನ್ನು ಪ್ರೀತಿಸುವ ಹಾಡನ್ನೇ ಬಂದೂಕು ಹಿಡಿದ ಒಂದು ಗುಂಪಿನ ವೇದಿಕೆಯಲ್ಲಿ ಹಾಡಿದ್ದರೆ, ಒಂದಕ್ಷರ ಬದಲಾಗದೆ ಅದು ಇನ್ನೊಂದು ಗುಂಪಿನ ಮೇಲಿನ ಹಾಡಾಗುತ್ತಿತ್ತು.

ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ 1967ರಲ್ಲಿ ಜೆರುಸಲೇಮ್ ಕೈತಪ್ಪಿದಾಗ ಅವರು ಬಹಿರಂಗವಾಗಿ ಹಾಡಿದ್ದರು, ಪ್ಯಾಲೆಸ್ತೀನಿಯರ ಪರವಾಗಿ ಹಾಡಿದ್ದರು. ನಿಲುವಿಲ್ಲದ ಹೆಂಗಸಲ್ಲ ಆಕೆ. ನೆರೆಮನೆಯವರನ್ನು ಕೊಲ್ಲುವ ಕೆಲಸಕ್ಕೆ ಮಾತ್ರ ಕೊರಳು ಕೊಡಲಿಲ್ಲ. ಇದೇ ದಾರಿ ಎಲ್ಲ ಕಡೆಗೂ ಸಲ್ಲುತ್ತದೆ ಎಂದು ನಾನು ಒಪ್ಪುವುದಿಲ್ಲ. 1927ರಲ್ಲಿ ಮಹಾಡಿನ ಕೆರೆಯ ದಂಡೆಯಲ್ಲಿ ಸುಮ್ಮನೆ ನಿಂತವರು ನೀರು ಹಿಡಿದಿಟ್ಟವರ ಕಡೆಯವರೇ. ಕಷ್ಟ ಇರುವುದು, ನಾವು ನಿಂತಿರುವುದು ಬೈರೂತಿನಲ್ಲೋ ಮಹಾಡಿನಲ್ಲೋ ಎಂದು ಆ ಹೊತ್ತಿಗೇ ಗುರುತಿಸುವುದರಲ್ಲಿ.

ಯುದ್ಧ ಮುಗಿದ ಮೇಲೆ, 1994ರ ಸೆಪ್ಟೆಂಬರಿನಲ್ಲಿ, ಪಾಳುಬಿದ್ದ ಬೈರೂತಿನ ನಡುವಿನ ಹುತಾತ್ಮರ ಚೌಕದಲ್ಲಿ ಫೈರೂಜ್ ಹಾಡಿದರು. ಸಾವಿರಾರು ಜನ ಸೇರಿದರು. ಆಗಲೂ ಕೆಲವರು ತಕರಾರು ತೆಗೆದರು: ಮೂಲ ಒಡೆಯರಿಗೆ ಜಾಗದ ಬದಲು ಷೇರು ಕೊಟ್ಟು ಊರು ಕಟ್ಟಲು ಹೊರಟ ಕಂಪನಿಗೆ ಈ ಹಾಡಿನಿಂದ ಒಳ್ಳೆಯ ಹೆಸರು ಬರುತ್ತದಲ್ಲ, ಹಾಗಾದರೆ ಆಕೆ ಹಾಡುತ್ತಿರುವುದು ಯಾರಿಗಾಗಿ?